ತೋರುಬೆರಳಿಗೆ ನೂರಕ್ಕೆ 14

ಪಿತ್ರಾರ್ಜಿತವಾದ ಒಂದೂವರೆ ಎಕರೆ ತೋಟದ ಪಾಲಿನ ವ್ಯಾಜ್ಯವೊಂದು ನನ್ನ ಹೆಸರಿಗೆ ಅಂಟಿಕೊಂಡಿದ್ದ ಕಾಲದಲ್ಲಿ, ತಿಂಗಳಿಗೊಮ್ಮೆಯಾದರೂ ತುಮಕೂರಿನ ನ್ಯಾಯಾಲಯದ ಆವರಣದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತಿರುವ ಯೋಗ ನನಗೆ ಒದಗಿತ್ತು. ನಮ್ಮ ದಾಯಾದಿಗಳು ಪ್ರತಿಸಲವೂ ಕಾಲಾವಕಾಶ ಕೇಳುತ್ತಿದ್ದುದರಿಂದ, ನಮ್ಮ ಪ್ರಕರಣದ ಕೂಗು ಬರುವುದಕ್ಕೂ ಮುಂದಿನ ವಾಯಿದೆ ಬೀಳುವುದಕ್ಕೂ ನಡುವಣ ಅವಧಿ ಅರ್ಧ ನಿಮಿಷವನ್ನು ಮೀರುತ್ತಿರಲಿಲ್ಲವಾಗಿ, ಉಳಿದ ಹೊತ್ತನ್ನೆಲ್ಲ ಪರರ ವ್ಯಾಜ್ಯಗಳನ್ನು ಕೇಳುವುದರಲ್ಲಿ ಕಳೆಯುವುದನ್ನು ಅಭ್ಯಾಸಮಾಡಿಕೊಂಡೆ. ಹೀಗೆ ಕೇಳಿದವುಗಳಲ್ಲಿ ಆಸ್ತಿಯ ಜಗಳಗಳೆಲ್ಲ ಮರೆತುಹೋಗಿ, ಒಂದು ಕೈಯ ಕಥೆ ಮಾತ್ರ ಮನಸ್ಸಿನಲ್ಲಿ ನಿಂತಿದೆ.

ಆ ಕೈಯ ಒಡೆಯ ಗುಬ್ಬಿಯ ಕಡೆಯ ಒಂದು ಹಳ್ಳಿಯವನು, ನಲವತ್ತರ ಪ್ರಾಯದವನು. ನಗರದ ಹೊರವಲಯದ ಒಂದು ತೆಂಗಿನ ನಾರಿನ ಕಾರ್ಖಾನೆಯಲ್ಲಿ ಯಂತ್ರದ ಬಾಯಿಗೆ ಮಟ್ಟೆ ಕೊಡುವುದು ಅವನ ಕೆಲಸವಾಗಿತ್ತು. ಅದಿಲ್ಲದ ದಿನಗಳಲ್ಲಿ ತೋಟಗಳಲ್ಲಿ ಕಾಯಿ ಸುಲಿಯುತ್ತಿದ್ದನು. ಯಂತ್ರವು ಮಟ್ಟೆಯ ಜೊತೆಗೆ ಅವನ ಬಲಗೈಯ ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರನ್ನೂ ಬುಡದವರೆಗೆ ತೆಗೆದುಕೊಂಡಿತ್ತು. ಪರಿಹಾರವನ್ನು ಕೊಡಲು ಮಾಲೀಕರೂ ಒಪ್ಪಲಿಲ್ಲ, ವಿಮಾ ಕಂಪನಿಯೂ ಒಪ್ಪಲಿಲ್ಲ; ಆದಕಾರಣ ಅವನು ಕಟಕಟೆಯಲ್ಲಿ, ಎಕ್ಸ್‌ರೇ ಹಾಳೆಯ ಹಳದಿ ಲಕೋಟೆಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದನು. ವಿಮಾ ಕಂಪನಿಯ ವಕೀಲರು ಸೌಮ್ಯ ಸ್ವಭಾವದವರು. ಧ್ವನಿಯನ್ನು ಏರಿಸದೆ ಪಾಟೀ ಸವಾಲನ್ನು ಆರಂಭಿಸಿದರು.

"ನೀವು ಸಹಿ ಮಾಡಬಲ್ಲಿರಿ, ಅಲ್ಲವೆ?"

"ಮಾಡ್ತೀನಿ ಸ್ವಾಮಿ."

"ಬಲಗೈಯಿಂದಲೇ?"

"ಹೂಂ. ಹೆಬ್ಬೆಟ್ಟು, ಕಿರುಬೆರಳು ಅವಲ್ಲ, ಅದರಲ್ಲೇ ಹಿಡ್ಕತೀನಿ."

"ಊಟವನ್ನೂ ನೀವೇ ಮಾಡುತ್ತೀರಿ?"

"ಮುದ್ದೆ ಮುರಿಯಾಕಾಗಲ್ಲ. ಅನ್ನ ಆದ್ರೆ ಚಮಚದಾಗೆ ಉಣ್ತೀನಿ."

"ಅಂದರೆ, ಊಟ ಮಾಡುತ್ತೀರಿ."

ಅವನು ಒಂದು ಕ್ಷಣ ಸುಮ್ಮನಿದ್ದು ಹೌದೆಂದನು. ಈ ಸಂಭಾಷಣೆ ಹಾಳೆಯ ಮೇಲೆ ಯಾವ ರೂಪದಲ್ಲಿ ಇಳಿಯುತ್ತದೆಂಬುದನ್ನು ನ್ಯಾಯಾಲಯದ ಪರಿಚಯವುಳ್ಳವರಿಗೆ ಹೇಳಬೇಕಾದುದಿಲ್ಲ. ಪ್ರಶ್ನೆ ಮಾಯವಾಗುತ್ತದೆ, ಉತ್ತರಕ್ಕೆ ಪ್ರಶ್ನೆಯ ಮೈ ಬರುತ್ತದೆ: 'ನಾನು ಬಲಗೈಯಿಂದ ಸಹಿ ಮಾಡಬಲ್ಲೆ ಎಂದರೆ ಸರಿ. ನಾನು ಸ್ವತಃ ಊಟ ಮಾಡುತ್ತೇನೆ ಎಂದರೆ ಸರಿ.' ನಮ್ಮ ಜಿಲ್ಲೆಯಲ್ಲಿ ಮುದ್ದೆ ಮುರಿಯಲಾರದವನು ಉಂಡನೆಂದು ಯಾರೂ ಹೇಳುವುದಿಲ್ಲ; ಆದರೆ ಕೇಳಿದ ಪ್ರಶ್ನೆ ಮುದ್ದೆಯನ್ನು ಕುರಿತದ್ದಾಗಿರಲಿಲ್ಲ.

ಆ ದಿನ ಮಧ್ಯಾಹ್ನ ಕುತೂಹಲದಿಂದ ನಮ್ಮ ವಕೀಲರ ಕಪಾಟಿನಿಂದ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪುಸ್ತಕವನ್ನು ಇಳಿಸಿ ಓದಿದೆನು. ಅದರ ಮೊದಲನೆಯ ಅನುಸೂಚಿಯಲ್ಲಿ ಮನುಷ್ಯಶರೀರಕ್ಕೆ ಒಂದು ಧಾರಣೆಯ ಪಟ್ಟಿಯಿದೆ. ಹೆಬ್ಬೆರಳು ಹೋದರೆ ಸಂಪಾದನಾ ಸಾಮರ್ಥ್ಯದಲ್ಲಿ ನೂರಕ್ಕೆ 30 ನಷ್ಟ; ತೋರುಬೆರಳು ಇಡಿಯಾಗಿ ಹೋದರೆ 14; ನಡುಬೆರಳಿಗೆ 12; ಉಂಗುರದ ಬೆರಳಿಗೂ ಕಿರುಬೆರಳಿಗೂ ತಲಾ 7; ಮತ್ತೊಂದು ಕಣ್ಣು ಸರಿಯಾಗಿದ್ದು ಒಂದು ಕಣ್ಣು ಹೋದರೆ 40. ಕುತೂಹಲದ ಸಂಗತಿಯೆಂದರೆ, ಈ ಗಣಿತದಲ್ಲಿ ಕೂಡುವಿಕೆ ನಮ್ಮ ಶಾಲೆಯ ಕೂಡುವಿಕೆಯಂತೆ ಇಲ್ಲ. ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಇವುಗಳ ಬಿಡಿ ಲೆಕ್ಕವನ್ನು ಕೂಡಿದರೆ 33 ಆಗುತ್ತದೆ. ಒಂದೇ ಕೈಯ ಮೂರು ಬೆರಳು ಒಟ್ಟಿಗೆ ಹೋದರೆ ಪಟ್ಟಿ ಕೊಡುವುದು 30. ನಾಲ್ಕೂ ಹೋದರೆ ಮಾತ್ರ, ಬಿಡಿಯಾಗಿ 40 ಆಗಬೇಕಾದದ್ದು 50 ಆಗುತ್ತದೆ. ಬಲಗೈ ಎಡಗೈಗಳಿಗೆ ಅಲ್ಲಿ ಭೇದವಿಲ್ಲ. ಬಲಗೈಯಿಂದ ಉಳಿ ಹಿಡಿದವನಿಗೂ ಎಡಗೈಯಿಂದ ಹಿಡಿದವನಿಗೂ ಸಮಾನವಾದ ಈ ಔದಾಸೀನ್ಯವನ್ನು ಸಮದರ್ಶಿತ್ವವೆನ್ನಬೇಕೋ ಬೇರೆ ಏನನ್ನಬೇಕೋ ನಾನರಿಯೆ.

ಪಟ್ಟಿಯಲ್ಲಿನ ಅಂಕೆ ಎಷ್ಟರ ಮಾತೆಂಬುದು ಲೆಕ್ಕ ಹಾಕಿದಾಗ ತಿಳಿಯುತ್ತದೆ. ಶಾಶ್ವತವಾದ ಪೂರ್ಣ ಅಸಾಮರ್ಥ್ಯಕ್ಕೆ ತಿಂಗಳ ಕೂಲಿಯ ನೂರಕ್ಕೆ 60ನ್ನು ವಯಸ್ಸಿಗೆ ಗೊತ್ತಾದ ಗುಣಕದಿಂದ ಗುಣಿಸತಕ್ಕದ್ದು. ಕೂಲಿ ಎಷ್ಟೇ ಇರಲಿ, 2010ರಿಂದ 8,000 ರೂಪಾಯಿಗೆ, 2020ರ ಜನವರಿಯಿಂದ ಈಚೆಗೆ 15,000 ರೂಪಾಯಿಗೆ ಅದನ್ನು ಮಿತಿಗೊಳಿಸಲಾಗಿದೆ. ನಲವತ್ತು ತುಂಬಿದವನ ಗುಣಕ 184.17. ಹದಿನೈದು ಸಾವಿರದ ಕೂಲಿಯವನಿಗೆ ಪೂರ್ಣ ಅಸಾಮರ್ಥ್ಯವೆಂದಾದರೆ 16,57,530 ರೂಪಾಯಿ; ಮೂರು ಬೆರಳಿನ 30 ಎಂದಾದರೆ 4,97,259. ಕಟಕಟೆಯಲ್ಲಿ ನಡೆದದ್ದು ಈ ಹನ್ನೊಂದೂವರೆ ಲಕ್ಷಕ್ಕೂ ಮೀರಿದ ಅಂತರದ ಮೇಲಣ ಜಗ್ಗಾಟ. 'ಸಹಿ ಮಾಡಬಲ್ಲಿರಿ, ಅಲ್ಲವೆ' ಎಂಬ ಸೌಮ್ಯವಾದ ಪ್ರಶ್ನೆಯ ತೂಕ ಅಷ್ಟು.

ನಿರಾಕರಣೆಯು ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಲ್ಲಿ ಬರುತ್ತದೆ. ಇವನು ನಮ್ಮ ಕೆಲಸಗಾರನೇ ಅಲ್ಲ ಎಂಬುದು ಮೊದಲನೆಯದು. ಹಾಜರಿ ಪುಸ್ತಕವನ್ನಾಗಲಿ ಸಂಬಳದ ಚೀಟಿಯನ್ನಾಗಲಿ ಕಾಣದ ಸಣ್ಣ ಗಿರಣಿಗಳಲ್ಲಿ ಈ ಮಾತನ್ನು ಸುಳ್ಳೆಂದು ತೋರಿಸಲು ಜೊತೆಗಾರನ ಸಾಕ್ಷ್ಯವೊಂದೇ ದಿಕ್ಕು, ಆ ಜೊತೆಗಾರನಾದರೋ ನಾಳೆಯೂ ಅದೇ ಗಿರಣಿಗೆ ಹೋಗಬೇಕಾದವನು. ಕೆಲಸದ ಹೊತ್ತಿನಲ್ಲಿ ಆದದ್ದಲ್ಲ ಎಂಬುದು ಎರಡನೆಯದು. ಇವೆರಡೂ ಬಿದ್ದ ಮೇಲೆ ಉಳಿಯುವುದು, ಆಗಿರುವ ನಷ್ಟ ಅಷ್ಟಲ್ಲ ಎಂಬ ಮೂರನೆಯ ವಾದ. ನ್ಯಾಯಶಾಸ್ತ್ರದ ದೃಷ್ಟಿಯಿಂದ ನಿಜವಾದ ರಸವಿರುವುದು ಇದರಲ್ಲಿಯೇ. ಏಕೆಂದರೆ ಇಲ್ಲಿ ವೈದ್ಯನ ಅಳತೆಗೋಲಿಗೂ ನ್ಯಾಯಾಧೀಶನ ಅಳತೆಗೋಲಿಗೂ ಮುಖಾಮುಖಿಯಾಗುತ್ತದೆ. ವೈದ್ಯನು ಅಳೆಯುವುದು ಕೈಯನ್ನು. ಕಾಯ್ದೆ ಅಳೆಯಹೇಳಿರುವುದು ಆ ಕೈ ತರುತ್ತಿದ್ದ ಅನ್ನವನ್ನು.

ಕಾಯ್ದೆಯು ಪೂರ್ಣ ಅಸಾಮರ್ಥ್ಯಕ್ಕೆ ಕೊಟ್ಟಿರುವ ಲಕ್ಷಣದಲ್ಲಿ ಒಂದು ಪದಪುಂಜವಿದೆ: ಅಪಘಾತದ ಕಾಲದಲ್ಲಿ ಅವನು ಮಾಡಬಲ್ಲವನಾಗಿದ್ದ ಕೆಲಸಗಳೆಲ್ಲಕ್ಕೂ ಅನರ್ಹನಾಗಿರಬೇಕು ಎಂಬುದು ಅದರ ತಾತ್ಪರ್ಯ. ಸರ್ವೋಚ್ಚ ನ್ಯಾಯಾಲಯದ ನಾಲ್ವರು ನ್ಯಾಯಮೂರ್ತಿಗಳ ಪೀಠವೊಂದು 1975ರ ಡಿಸೆಂಬರಿನಲ್ಲಿ ಈ ಲಕ್ಷಣಕ್ಕೆ ಜೀವ ಕೊಟ್ಟಿತು. ಚಿತ್ರಮಂದಿರವೊಂದರ ಅಲಂಕಾರದ ಕೆಲಸದಲ್ಲಿದ್ದ ಬಡಗಿಯೊಬ್ಬನು ಬಿದ್ದು, ಅವನ ಎಡಗೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ನಷ್ಟ 70 ಮಾತ್ರವೆಂದು ಮಾಲೀಕನ ವಾದ. ಒಂದೇ ಕೈಯಿಂದ ಬಡಗಿಯ ಕೆಲಸ ನಡೆಯದಾದ್ದರಿಂದ ನೂರಕ್ಕೆ ನೂರೆಂದು, ಕಾಯ್ದೆಯ ಪ್ರಕಾರ ಪರಿಹಾರವನ್ನು ಗೊತ್ತುಮಾಡುವ ಆಯುಕ್ತನ ತೀರ್ಮಾನ. ಪೀಠವು ಆಯುಕ್ತನ ಪಕ್ಷಕ್ಕೆ ನಿಂತಿತು. ಪರಿಹಾರವು ಸಲ್ಲಬೇಕಾದದ್ದು ಅಪಘಾತವಾದ ದಿನದಿಂದಲೇ ಹೊರತು ಆಯುಕ್ತನು ಆಜ್ಞೆ ಬರೆದ ದಿನದಿಂದಲ್ಲವೆಂದೂ ಅದೇ ತೀರ್ಪು ಹೇಳಿತು. ತಿಂಗಳೊಳಗೆ ಕೊಡದಿದ್ದರೆ ನೂರಕ್ಕೆ 12ರ ಬಡ್ಡಿ ಕಟ್ಟತಕ್ಕದ್ದೆಂಬ ಕಾಯ್ದೆಯ ನಿಯಮದ ಮುಂದೆ ಆ ಮಾತಿನ ಬೆಲೆ ಸಣ್ಣದಲ್ಲ.

ನಮ್ಮ ರಾಜ್ಯದಿಂದಲೇ ಹೋದ ಎರಡು ಪ್ರಕರಣಗಳು ಇದೇ ದಾರಿಯಲ್ಲಿವೆ. ಶಿವಮೊಗ್ಗದ ಸೀಮೆಯಲ್ಲಿ ಟ್ಯಾಂಕರಿಗೂ ಟ್ರ್ಯಾಕ್ಟರಿಗೂ ಡಿಕ್ಕಿಯಾಗಿ, ಟ್ಯಾಂಕರಿನ ಚಾಲಕನು ಬಲಗಾಲನ್ನು ಮಂಡಿಯವರೆಗೆ ಕಳೆದುಕೊಂಡನು. ಆಯುಕ್ತರು ಪೂರ್ಣ ನಷ್ಟವೆಂದರು. ಉಚ್ಚ ನ್ಯಾಯಾಲಯವು ಅದನ್ನು 65ಕ್ಕೆ ಇಳಿಸಿತು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಡಗಿಯ ತೀರ್ಪನ್ನು ನೆನೆದು ಮರಳಿ ನೂರಕ್ಕೆ ಏರಿಸಿತು. ಕಾಲಿಲ್ಲದವನಿಗೆ ಬ್ರೇಕನ್ನು ತುಳಿಯಲು ಬರುವುದಿಲ್ಲವೆಂಬುದನ್ನು ಸ್ಥಾಪಿಸಲು ದಿಲ್ಲಿಯವರೆಗೆ ಹೋಗಬೇಕಾಯಿತಲ್ಲಾ ಎಂದು ಸಾಮಾನ್ಯನಿಗೆ ಅನ್ನಿಸಿದರೆ ತಪ್ಪಲ್ಲ. ಎರಡನೆಯದು ಮೋಟಾರು ಅಪಘಾತದ ಪ್ರಕರಣ, 2014ರದು. ಬಲಗಾಲನ್ನು ಕಳೆದುಕೊಂಡ ತರಕಾರಿ ವ್ಯಾಪಾರಿಯೊಬ್ಬನದು. ಕುಳಿತೇ ತರಕಾರಿ ಮಾರಬಹುದಲ್ಲ ಎಂಬ ಧಾಟಿಯಲ್ಲಿ ಕೆಳಗೆ 65 ಎಂದಾಗಿದ್ದ ನಷ್ಟವನ್ನು, ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ವಿ. ಗೋಪಾಲ ಗೌಡರಿದ್ದ ಪೀಠವು 85ಕ್ಕೆ ಏರಿಸಿತು. ತರಕಾರಿಯವನು ತಿಂಗಳ ಆದಾಯಕ್ಕೆ ಕಾಗದದ ಪುರಾವೆ ತರಲೇಬೇಕೆಂಬ ಹಟವನ್ನೂ ಒಪ್ಪಲಿಲ್ಲ. ಮುಂಜಾವಿನ ಸಂತೆಯಲ್ಲಿ ಮೂಟೆ ಇಳಿಸಿಕೊಳ್ಳುವವನನ್ನು ಒಮ್ಮೆ ಕಂಡವರಿಗೆ, ತರಕಾರಿ ಮಾರುವುದು ಕುಳಿತು ಮಾಡುವ ಕೆಲಸವೆಂದು ತೋರಲಾರದು.

ಈ ಎಲ್ಲ ಮಾತಿಗೂ ಒಂದು ಶಾಸ್ತ್ರರೂಪವನ್ನು ಕೊಟ್ಟವರು, ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಬಹುಕಾಲ ನ್ಯಾಯಮೂರ್ತಿಗಳಾಗಿದ್ದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಆರ್. ವಿ. ರವೀಂದ್ರನ್ ಅವರು. 2010ರ ಅಕ್ಟೋಬರಿನಲ್ಲಿ ಅವರು ಬರೆದ ತೀರ್ಪಿನ ದೃಷ್ಟಾಂತ ನ್ಯಾಯಾಲಯಗಳಲ್ಲಿ ಈಗ ಗಾದೆಯಂತೆ ಸಲ್ಲುತ್ತಿದೆ: ಎಡಗೈ ಹೋದದ್ದರಿಂದ ಬಡಗಿಗಾಗಲಿ ಚಾಲಕನಿಗಾಗಲಿ ಸಂಪಾದನೆಯೆಲ್ಲವೂ ಹೋಗಬಹುದು, ಸರ್ಕಾರಿ ಗುಮಾಸ್ತನಿಗೆ ಸಂಬಳದಲ್ಲಿ ಬಿಡಿಗಾಸೂ ಹೋಗದೆ ಇರಬಹುದು. ಅಂಗದ ನಷ್ಟ ಒಂದೇ, ಜೀವನದ ನಷ್ಟ ಬೇರೆ ಬೇರೆ. ಆದರೆ ನ್ಯಾಯವಾಗಿ ಹೇಳಬೇಕಾದರೆ ಆ ತೀರ್ಪು ಎರಡು ಕಡೆಗೂ ಹರಿತವಾದದ್ದು. ಒಂದು ಕಾಲಿಗೆ ಸಂಬಂಧಿಸಿದ 45ನ್ನು ಇಡೀ ದೇಹದ 45 ಎಂದು ಓದತಕ್ಕದ್ದಲ್ಲವೆಂದೂ, ಚಿಕಿತ್ಸೆಯನ್ನೇ ಮಾಡದೆ ಕೇಳಿದವರಿಗೆಲ್ಲ ಸಿದ್ಧಪತ್ರಗಳನ್ನು ಬರೆದುಕೊಡುವ ಕೆಲವು ವೈದ್ಯರ ವಿಷಯದಲ್ಲಿ ಎಚ್ಚರದಿಂದಿರಬೇಕೆಂದೂ ಅದರಲ್ಲಿಯೇ ಇದೆ. ವಿಮಾ ಕಂಪನಿಯ ವಕೀಲರು ಕೇಳುವ ಪ್ರಶ್ನೆಗಳೆಲ್ಲ ನಿಷ್ಕರುಣೆಯಿಂದ ಹುಟ್ಟಿದವೆಂದು ನಾನು ಭಾವಿಸುವುದಿಲ್ಲ. ಇಂಥ ಪತ್ರಗಳನ್ನು ಕಂಡು ಕಂಡು ಅವರ ಕಣ್ಣಿಗೆ ನಿಜವಾದ ಗಾಯವೂ ಸುಳ್ಳಿನ ಬಣ್ಣದಲ್ಲಿ ಕಾಣುವ ದುರ್ದೈವ ಒದಗಿರಬಹುದು.

ಇನ್ನು ಮೇಲ್ಮನವಿಯ ಮಾತು. ನಮ್ಮ ರಾಜ್ಯದಲ್ಲಿ ಮೊದಲು ಕಾರ್ಮಿಕ ಅಧಿಕಾರಿಗಳ ಕೈಯಲ್ಲಿದ್ದ ಆಯುಕ್ತರ ಅಧಿಕಾರವು ಈಚೆಗೆ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಬಂದಿದೆ. ಅಪಘಾತವಾದ ಸ್ಥಳದಲ್ಲಿಯೇ ಅಲ್ಲದೆ ಗಾಯಗೊಂಡವನು ವಾಸವಾಗಿರುವ ಪ್ರದೇಶದಲ್ಲಿಯೂ ಅರ್ಜಿ ಹಾಕಲು ಕಾಯ್ದೆ ಅವಕಾಶ ಕೊಟ್ಟಿರುವುದರಿಂದ, ಗುಬ್ಬಿಯವನು ಗುಬ್ಬಿಯಲ್ಲಿ, ಕುಣಿಗಲಿನವನು ಕುಣಿಗಲಿನಲ್ಲಿ ಬಾಗಿಲು ತಟ್ಟಬಹುದು. ಅಲ್ಲಿ ಸೋತವರು ಅರವತ್ತು ದಿನಗಳೊಳಗೆ ಬೆಂಗಳೂರಿನ ಉಚ್ಚ ನ್ಯಾಯಾಲಯಕ್ಕೆ, ಅಠಾರ ಕಚೇರಿಯ ಆ ಕೆಂಪು ಕಟ್ಟಡಕ್ಕೆ ಹೋಗಬಹುದು. ಹೋಗುವವನು ಮಾಲೀಕನಾದರೆ ಪರಿಹಾರದ ಹಣವನ್ನು ಮೊದಲು ಠೇವಣಿಯಿಟ್ಟು ಹೋಗಬೇಕು. ಆದರೆ ಆ ಕಟ್ಟಡದ ಬಾಗಿಲು ಇಂಥ ಅರ್ಜಿಗಳ ಮಟ್ಟಿಗೆ ಬಹಳ ಕಿರಿದು. ಕಾಯ್ದೆಯ ಮೂವತ್ತನೆಯ ಪ್ರಕರಣದ ಪ್ರಕಾರ ಅಲ್ಲಿ ಎತ್ತಬಹುದಾದುದು ಕಾನೂನಿನ ಗಣನೀಯವಾದ ಪ್ರಶ್ನೆಯನ್ನು ಮಾತ್ರವೇ ಹೊರತು, ಬೆರಳು ಎಷ್ಟು ಮಡಿಸುತ್ತದೆ ಎಂಬುದನ್ನಲ್ಲ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ಉಚ್ಚ ನ್ಯಾಯಾಲಯವು ಸಾಕ್ಷ್ಯವನ್ನು ತಾನೇ ಮರುತೂಗಿ ಅಸಾಮರ್ಥ್ಯದ ಪ್ರಮಾಣವನ್ನು ಬದಲಿಸಿದ್ದನ್ನು 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಸಂಗತಿಗಳ ವಿಷಯದಲ್ಲಿ ಆಯುಕ್ತನೇ ಕೊನೆಯ ಅಧಿಕಾರಿ, ಅವನ ನಿರ್ಣಯಕ್ಕೆ ಆಧಾರವೇ ಇಲ್ಲದ ಪಕ್ಷದಲ್ಲಿ ಮಾತ್ರ ಮೇಲಿನವರು ಕೈಹಾಕಬಹುದು ಎಂದು ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಬರೆದರು.

ಕಾರ್ಮಿಕನ ರಕ್ಷಣೆಗೆಂದು ಕಟ್ಟಿದ ಈ ಕಿರುಬಾಗಿಲು ಕೆಲವೊಮ್ಮೆ ಕಾರ್ಮಿಕನಿಗೇ ತಲೆಗೆ ಬಡಿಯುವುದುಂಟು. ಗೆದ್ದವನಿಗೆ ಅದು ಕೋಟೆ. ಕೆಳಗಿನ ಹಂತದಲ್ಲಿಯೇ 30ಕ್ಕೆ ನಿಂತುಹೋದವನಿಗೆ ಅದೇ ಗೋಡೆ. ಆದುದರಿಂದ, ದೊಡ್ಡ ನ್ಯಾಯವೆಲ್ಲ ದೊಡ್ಡ ಊರಿನಲ್ಲಿ ಆಗುತ್ತದೆಂಬ ನಮ್ಮ ಜನರ ನಂಬಿಕೆ ಈ ವಿಷಯದಲ್ಲಿ ತೀರ ತಪ್ಪು. ಇಲ್ಲಿ ದೊಡ್ಡ ಮಾತು ನಡೆದುಹೋಗುವುದು ತಾಲ್ಲೂಕಿನ ನ್ಯಾಯಾಲಯದ ಫ್ಯಾನಿನ ಕೆಳಗೆ, ಪಾಟೀ ಸವಾಲಿನ ಹತ್ತು ನಿಮಿಷಗಳಲ್ಲಿ. ಮುದ್ದೆಯ ಮಾತು ಅಂದು ಹಾಳೆಗೆ ಇಳಿಯದಿದ್ದರೆ ಬೆಂಗಳೂರಿನಲ್ಲಿಯೂ ಇಲ್ಲ, ದಿಲ್ಲಿಯಲ್ಲಿಯೂ ಇಲ್ಲ. ಸಹಿಯ ಮಾತು ಮಾತ್ರ ಎಲ್ಲ ಕಡೆಗೂ ಜೊತೆಯಲ್ಲಿ ಹೋಗುತ್ತದೆ. ಬೆರಳು ಕಳೆದುಕೊಂಡವನು ವಕೀಲನಿಗೆ ಹೇಳಬೇಕಾದುದು ಬೆರಳಿನ ಸುದ್ದಿಯನ್ನಲ್ಲ, ಬೆಳಗಿನಿಂದ ರಾತ್ರಿಯವರೆಗಿನ ತನ್ನ ದಿನಚರಿಯನ್ನು ಎಂಬುದನ್ನು ಅವನಿಗೆ ಯಾರು ಹೇಳಬೇಕು?

ಕೆಲಸದ ಹೆಸರಿನಲ್ಲಿಯೇ ಸಿಕ್ಕಿಬೀಳುವವರೂ ಇದ್ದಾರೆ. ಗುಬ್ಬಿಯಿಂದ ತಿಪಟೂರಿನವರೆಗೆ ರಸ್ತೆಯ ಎರಡೂ ಕಡೆ ತೆಂಗು ಅಡಿಕೆಗಳ ತೋಟ. ಆ ಮರಗಳಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡು ಹಾಸಿಗೆ ಹಿಡಿದವರ ಸುದ್ದಿ ಇಲ್ಲದ ಹೋಬಳಿ ಪ್ರಾಯಶಃ ಇಲ್ಲ. ಯಾರು ಯಾರು ಈ ಕಾಯ್ದೆಯ ರಕ್ಷಣೆಗೆ ಅರ್ಹರೆಂದು ಎರಡನೆಯ ಅನುಸೂಚಿಯಲ್ಲಿ ಉದ್ಯೋಗಗಳ ಉದ್ದವಾದ ಯಾದಿಯಿದೆ. ಅದರಲ್ಲಿ ತಾಳೆಯ ಜಾತಿಯ ಮರಗಳಿಂದ ಹೆಂಡ ಇಳಿಸುವವನಿದ್ದಾನೆ, ಮರ ಕಡಿಯುವವನಿದ್ದಾನೆ, ಯಂತ್ರಗಳಿಂದ ಬೇಸಾಯ ಮಾಡುವವನಿದ್ದಾನೆ. ಕಾಯಿ ಕೀಳಲು ಮರ ಹತ್ತಿದವನು ತನ್ನ ಪಾಡನ್ನು ಇವುಗಳಲ್ಲಿ ಯಾವುದಾದರೊಂದರ ನೆರಳಿಗೆ ಎಳೆದುಕೊಂಡು ಬರಬೇಕು. ತೆಂಗು ಅಭಿವೃದ್ಧಿ ಮಂಡಲಿಯು ಮರ ಹತ್ತುವವರಿಗಾಗಿ ಕೇರ ಸುರಕ್ಷಾ ಎಂಬ ಅಪಘಾತ ವಿಮೆಯನ್ನು ನಡೆಸುತ್ತಿದೆಯಾದರೂ, ಅದರಲ್ಲಿ ಹೆಸರು ಬರೆಸಿಕೊಂಡವರನ್ನು ನಾನು ಕಂಡದ್ದು ಕಡಿಮೆ.

ಕುಣಿಗಲಿನ ಕಥೆ ರಸ್ತೆಯದು. ಜಾನಪದವು ಹಾಡಿ ಹೊಗಳಿದ ಆ ಕೆರೆಯ ಊರನ್ನು ತಾಗಿ ಬೆಂಗಳೂರು-ಮಂಗಳೂರು ಹೆದ್ದಾರಿ ಹಾಯುತ್ತದೆ. ಲಾರಿಯ ಚಾಲಕ, ಕ್ಲೀನರ್, ಲೋಡಿನ ಮೇಲೆ ಕುಳಿತು ಬರುವ ಹಮಾಲಿ, ಇವರಿಗೆ ಗಾಯವಾದರೆ ಕಾನೂನು ಎರಡು ದಾರಿಗಳನ್ನು ತೋರುತ್ತದೆ: ಮೋಟಾರು ವಾಹನ ಕಾಯ್ದೆಯ ನ್ಯಾಯಮಂಡಳಿ, ಇಲ್ಲವೆ ಕಾರ್ಮಿಕ ಪರಿಹಾರದ ಆಯುಕ್ತ. ಒಂದನ್ನು ಹಿಡಿದರೆ ಮತ್ತೊಂದನ್ನು ಬಿಡಬೇಕು. ಯಾವುದನ್ನು ಹಿಡಿಯತಕ್ಕದ್ದೆಂಬುದು ವಕೀಲನ ಚಾತುರ್ಯಕ್ಕೆ ಬಿಟ್ಟದ್ದು.

ಅಂಗವಿಕಲರಿಗೆ ಸರ್ಕಾರ ಕೊಡುವ ಮಾಸಾಶನದ ಮಾತು ಇದರಿಂದ ಬೇರೆ. ಅಲ್ಲಿ ಕೆಲಸದ ಪ್ರಶ್ನೆಯೇ ಏಳುವುದಿಲ್ಲ. ವೈದ್ಯರ ಪ್ರಮಾಣಪತ್ರದಲ್ಲಿ 40 ಎಂಬ ಅಂಕೆ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಹಿಂದಿನ ಏಳು ಬಗೆಯ ವೈಕಲ್ಯಗಳನ್ನು ಇಪ್ಪತ್ತೊಂದಕ್ಕೆ ಹೆಚ್ಚಿಸಿ, ಪ್ರಮಾಣಪತ್ರದ ವಿಷಯದಲ್ಲಿ ಅತೃಪ್ತರಾದವರಿಗೆ ಮೇಲ್ಮನವಿಯ ಹಕ್ಕನ್ನೂ ಕೊಟ್ಟಿದೆ. ಆದರೂ 39ರವನಿಗೂ 41ರವನಿಗೂ ನಡುವೆ ನಿಂತಿರುವ ಗೋಡೆ ಹಾಗೆಯೇ ಇದೆ. ಮಾಸಾಶನ ಕೊಡುವ ಕಚೇರಿಗಳ ಫಲಕಗಳ ಮೇಲೆ ಬರೆದಿರುವ 'ವಿಕಲಚೇತನ' ಎಂಬ ಪದದ ಮೇಲೆ ನನಗೊಂದು ತಕರಾರಿದೆ. 'ಅಂಗವಿಕಲ' ಎಂಬುದು ಕಟುವಾಯಿತೆಂದು ಅದನ್ನು ಬಿಟ್ಟು ಇದನ್ನು ಹಿಡಿದರು. ಹಿಂದಿನ ಪದದಲ್ಲಿ ವಿಕಲವಾದದ್ದು ಅಂಗವೊಂದೇ ಆಗಿತ್ತು, ಈ ಪದವಾದರೋ ಅಕ್ಷರಾರ್ಥದಲ್ಲಿ ಚೇತನವನ್ನೇ ವಿಕಲವೆನ್ನುತ್ತದೆ. ಕಟಕಟೆಯಲ್ಲಿ ನಿಂತಿದ್ದ ಆ ಮನುಷ್ಯನ ಚೇತನಕ್ಕೆ ಏನೂ ಆಗಿರಲಿಲ್ಲ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ಒಂದು ಶತಮಾನವನ್ನು ದಾಟಿದ್ದ 1923ರ ಕಾಯ್ದೆ ಅದರೊಳಗೆ ಲೀನವಾಗಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಆದ ಅಪಘಾತವನ್ನೂ, ಉದ್ಯೋಗಕ್ಕೂ ಅದಕ್ಕೂ ಸಂಬಂಧ ಸ್ಥಾಪಿತವಾದರೆ, ಕೆಲಸದಲ್ಲಿ ಆದದ್ದೆಂದೇ ಎಣಿಸತಕ್ಕದ್ದೆಂಬುದು ಹೊಸ ಸಂಹಿತೆಯ ಒಳ್ಳೆಯ ಮಾತು; ನಗರದ ಕೈಗಾರಿಕಾ ಪ್ರದೇಶಗಳಿಗೆ ಹಳ್ಳಿಗಳಿಂದ ದ್ವಿಚಕ್ರದ ಮೇಲೆ ಬಂದುಹೋಗುವ ಸಾವಿರಾರು ಜನಕ್ಕೆ ಇದರಿಂದ ಉಪಯೋಗವಾದೀತು. ಬೆರಳುಗಳ ಪಟ್ಟಿ ಮಾತ್ರ ಹೊಸ ಅನುಸೂಚಿಯೊಳಕ್ಕೂ ಸುರಕ್ಷಿತವಾಗಿ ನಡೆದುಬಂದಿದೆ.

ಆ ಬೆಳಗಿನ ಪಾಟೀ ಸವಾಲು ಮುಗಿದ ಮೇಲೆ ಗುಬ್ಬಿಯ ಕಡೆಯ ಆ ಮನುಷ್ಯನ ಪರವಾದ ವಕೀಲರು, ಹಣ್ಣು ಕೂದಲಿನ ವೃದ್ಧರು, ಅನುಮತಿ ಪಡೆದು ಎದ್ದು ನಿಂತು ಒಂದೇ ಪ್ರಶ್ನೆಯನ್ನು ಕೇಳಿದರು. "ಕಾಯಿ ಸುಲೀತೀಯೇನಪ್ಪ ಈಗ?"

ಅವನು ಲಕೋಟೆಯನ್ನು ಕಟಕಟೆಯ ಅಂಚಿನ ಮೇಲಿಟ್ಟು, ಎರಡೂ ಅಂಗೈಗಳನ್ನು ಗಾಳಿಯಲ್ಲಿ ಒಂದು ಕಾಯಿಯ ಸುತ್ತಳತೆಗೆ ಎದುರುಬದುರಾಗಿ ಹಿಡಿದನು. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಅದನ್ನು ಒತ್ತಿ ತಿರುವುವಂತೆ ತಿರುವಿದನು. ಎಡಗೈ ತಿರುಗಿತು. ಬಲಗೈಯಲ್ಲಿ ಕಾಯಿ ನಿಲ್ಲಲಿಲ್ಲವೆಂಬುದು, ಕಾಯಿಯೇ ಇಲ್ಲದಿದ್ದರೂ, ಕುಳಿತಿದ್ದ ನಮಗೆಲ್ಲ ಕಂಡಿತು. "ಜಾರೋಗ್ತದೆ ಸ್ವಾಮಿ" ಎಂದನು. ನ್ಯಾಯಾಧೀಶರು ಕ್ಷಣಕಾಲ ನೋಡಿ, ಬೆರಳಚ್ಚು ಮಾಡುತ್ತಿದ್ದವರ ಕಡೆಗೆ ತಿರುಗಿ, ಸಾಕ್ಷಿಯು ಕೈಗಳನ್ನು ಚಾಚಿ ತೋರಿಸಿದನೆಂಬುದನ್ನೂ ಸೇರಿಸಿ ಬರೆಯಿಸಿದರು.

ಹಾಳೆಗಳು ಬಂದವು. ಅವನು ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಪೆನ್ನನ್ನು ಸಿಕ್ಕಿಸಿಕೊಂಡು ಮೊದಲನೆಯ ಅಕ್ಷರವನ್ನು ಎಳೆಯುತ್ತಿದ್ದಂತೆ ಕಾಗದವು ಪೆನ್ನಿನ ಜೊತೆಯಲ್ಲಿಯೇ ಸರಿಯತೊಡಗಿತು. ಎಡಗೈಯಿಂದ ಅದನ್ನು ಒತ್ತಿಹಿಡಿಯೋಣವೆಂದರೆ ಆ ಕೈ ಮತ್ತೆ ಎತ್ತಿಕೊಂಡಿದ್ದ ಲಕೋಟೆಯನ್ನು ಬಿಡಲೊಲ್ಲದು. ಮೇಜಿನ ಬಳಿಯಿದ್ದ ಗುಮಾಸ್ತರು ಏನೂ ಹೇಳದೆ, ಮುಂದಿನ ಕಡತವನ್ನು ಒಂದು ಕೈಯಿಂದ ತೆಗೆಯುತ್ತಲೇ, ಇನ್ನೊಂದು ಅಂಗೈಯನ್ನು ಹಾಳೆಯ ಮೂಲೆಯ ಮೇಲೆ ಊರಿ, ಅವನ ಹೆಸರು ಮುಗಿಯುವವರೆಗೆ ಹಾಗೆಯೇ ಹಿಡಿದಿದ್ದರು.